ಜ್ಯಾಕ್ ಡ್ಯಾನಿಯಲ್ಲನೂ ಅವನ ಗುರುವೂ

ಈ ಸಲದ ವಾರ್ಷಿಕ ಸಂಚಿಕೆಗೆ ಪ್ರಸಿದ್ಧ ಪುರುಷರೊಬ್ಬರ ಜೀವನ ಚರಿತ್ರೆಯನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದರು. ನಾನು ಆರಿಸಿಕೊಂಡ ಹೆಸರನ್ನು ಕೇಳಿ ಗೆಳೆಯರಲ್ಲಿ ಕೆಲವರು ನಕ್ಕರು, ಕೆಲವರು ಹುಬ್ಬು ಗಂಟಿಕ್ಕಿದರು. ಅವರ ತಪ್ಪೇನೂ ಇಲ್ಲ. ಜ್ಯಾಕ್ ಡ್ಯಾನಿಯಲ್ ಎಂಬುದು ನಮ್ಮಲ್ಲಿ ಬಹುಮಂದಿಗೆ ಚೌಕನೆಯ ಶೀಸೆಯ ಮೇಲಿನ ಕಪ್ಪು ಚೀಟಿಯ ಹೆಸರು. ಆ ಹೆಸರಿನ ಹಿಂದೆ ಹುಟ್ಟಿ, ಬೆಳೆದು, ದುಡಿದು, ಸತ್ತ ಮನುಷ್ಯನೊಬ್ಬನಿದ್ದನೆಂಬುದು ನೆನಪಿಗೇ ಬರುವುದಿಲ್ಲ.

ಮದ್ಯದ ಗುಣಗಾನಕ್ಕೆ ನಾನು ಹೊರಟವನಲ್ಲವೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಕುಡಿತದಿಂದ ಕೆಟ್ಟ ಮನೆಗಳನ್ನು ನಮ್ಮ ಬೀದಿಯಲ್ಲಿಯೇ ಕಂಡಿದ್ದೇನೆ. ಮಾದಕ ಪಾನೀಯಗಳ ನಿಷೇಧಕ್ಕೆ ರಾಜ್ಯವು ಶ್ರಮಿಸಬೇಕೆಂದು ನಮ್ಮ ಸಂವಿಧಾನದ 47ನೆಯ ಅನುಚ್ಛೇದ ಹೇಳುವುದನ್ನೂ ಓದಿದ್ದೇನೆ. ಆದರೆ ಈತನ ಬದುಕಿನಲ್ಲಿ ಕುಡಿತದ ಮಾತನ್ನು ಮೀರಿದ ಇನ್ನೊಂದು ಪ್ರಶ್ನೆ ಅಡಗಿದೆ. ವಿದ್ಯೆ ಒಬ್ಬರದು, ಹೆಸರು ಇನ್ನೊಬ್ಬರದು ಆದಾಗ ಲೋಕವು ಯಾರನ್ನು ನೆನೆಯುತ್ತದೆ? ಆ ಪ್ರಶ್ನೆಗಾಗಿಯೇ ಈ ಚರಿತ್ರೆ.

ಅಮೆರಿಕ ಸಂಯುಕ್ತ ಸಂಸ್ಥಾನದ ಟೆನೆಸ್ಸೀ ರಾಜ್ಯದ ದಕ್ಷಿಣಕ್ಕೆ, ಸುಣ್ಣಕಲ್ಲಿನ ಗುಡ್ಡಗಳ ನಡುವೆ, ಲಿಂಚ್‌ಬರ್ಗ್ ಎಂಬ ಸಣ್ಣ ಊರಿದೆ. ಆಗ ಅದು ಲಿಂಕನ್ ಕೌಂಟಿಯಲ್ಲಿತ್ತು. 1871ರಲ್ಲಿ ಮೂರ್ ಕೌಂಟಿ ಎಂಬ ಹೊಸ ಜಿಲ್ಲೆಗೆ ಸೇರಿತು. ಆ ಸೀಮೆಯ ಒಕ್ಕಲು ಮನೆಯೊಂದರಲ್ಲಿ ಕಾಲವೇ ಡ್ಯಾನಿಯಲ್ ಮತ್ತು ಲೂಸಿಂಡಾ ದಂಪತಿಗಳ ಹತ್ತು ಮಕ್ಕಳಲ್ಲಿ ಕಡೆಯವನಾಗಿ ಹುಟ್ಟಿದವನು ಜ್ಯಾಸ್ಪರ್ ನ್ಯೂಟನ್ ಡ್ಯಾನಿಯಲ್. ಮನೆಯವರೂ ಊರವರೂ ಅವನನ್ನು ಜ್ಯಾಕ್ ಎಂದೇ ಕರೆದರು. ಅವನು ಹುಟ್ಟಿದ ವರ್ಷ ಯಾವುದೆಂಬುದರಲ್ಲಿ ಇಂದಿಗೂ ಒಮ್ಮತವಿಲ್ಲ. 1846 ಎನ್ನುವವರುಂಟು, 1849 ಎನ್ನುವವರುಂಟು. ಅವನ ಸಮಾಧಿಯ ಕಲ್ಲಿನ ಮೇಲೆ 1850 ಎಂದು ಕೆತ್ತಿದೆ. ಆದರೆ ತಾಯಿ 1847ರಲ್ಲೇ ತೀರಿಕೊಂಡಳೆಂಬ ಮಾತೂ ಇದೆ! ಇದನ್ನು ಓದಿದಾಗ ನನಗೆ ನಗು ಬಂದಿತು. ನಮ್ಮ ತಂದೆಯವರ ವಯಸ್ಸು ರೇಷನ್ ಕಾರ್ಡಿನಲ್ಲಿ ಒಂದಾದರೆ ಮತದಾರರ ಪಟ್ಟಿಯಲ್ಲಿ ಇನ್ನೊಂದು. ಬಡವರ ಮನೆಯ ಹುಟ್ಟನ್ನು ಬರೆದಿಡುವವರು ಎಲ್ಲಿಯೂ ಕಡಿಮೆಯೇ ಎಂದು ತೋರುತ್ತದೆ.

ತಾಯಿಯ ಮುಖವನ್ನು ಜ್ಯಾಕ್ ಕಂಡವನಲ್ಲ ಎಂದರೂ ಸಲ್ಲುತ್ತದೆ. ತಂದೆ ಮತ್ತೊಂದು ಮದುವೆಯಾದ. ಆ ಹೆಂಡತಿಯಲ್ಲಿ ಇನ್ನೂ ಮೂರು ಮಕ್ಕಳಾದವು. ಮಲತಾಯಿಗೂ ಹುಡುಗನಿಗೂ ಹೊಂದಿಕೆಯಾಗಲಿಲ್ಲ. 1861ರಲ್ಲಿ ಉತ್ತರ ದಕ್ಷಿಣ ರಾಜ್ಯಗಳ ನಡುವೆ ಅಂತರ್ಯುದ್ಧ ಹೊತ್ತಿಕೊಂಡಿತು. ಅದು ಮುಗಿಯುವ ಮೊದಲೇ, 1864ರಲ್ಲಿ, ತಂದೆ ನ್ಯುಮೋನಿಯಾ ತಗಲಿ ತೀರಿಹೋದ. ಇನ್ನೂ ಮೀಸೆ ಮೂಡದ ಹುಡುಗ ಮನೆಬಿಟ್ಟು ಡ್ಯಾನ್ ಕಾಲ್ ಎಂಬಾತನ ಆಶ್ರಯಕ್ಕೆ ಬಂದು ಸೇರಿದ. ಕಾಲ್ ವಿಚಿತ್ರ ಮನುಷ್ಯ. ಭಾನುವಾರ ಲೂಥರ್ ಪಂಥದ ಉಪದೇಶಕ, ಉಳಿದ ದಿನ ಅಂಗಡಿಕಾರ, ಹೊಲದ ಅಂಚಿನಲ್ಲಿ ವಿಸ್ಕಿಯ ಭಟ್ಟಿಯ ಒಡೆಯ. ಆ ಕಾಲದ ಆ ಸೀಮೆಯವರು ಇದರಲ್ಲಿ ವಿರೋಧವನ್ನು ಕಾಣಲಿಲ್ಲ.

ಅಲ್ಲಿನ ರೈತರು ಭಟ್ಟಿ ಇಟ್ಟುದಕ್ಕೆ ಕಾರಣವಿತ್ತು. ಪ್ರತಿಯೊಂದು ನಾಡಿನವರೂ ತಮ್ಮ ನೆಲ ಕೊಟ್ಟುದರಿಂದಲೇ ಮದ್ಯ ಇಳಿಸುತ್ತಾರೆ. ಮೆಕ್ಸಿಕೋದವರು ನೀಲಿ ಕತ್ತಾಳೆಯ ಎಲೆಗಳನ್ನು ಸವರಿ, ನಡುವಿನ ದಿಂಡನ್ನು ಬೇಯಿಸಿ, ಅದರ ಸಿಹಿರಸದಿಂದ ಟೆಕೀಲಾ ಮಾಡುತ್ತಾರೆ. ನಮ್ಮ ಹೊಲಗಳ ಬೇಲಿಯಲ್ಲಿ ಬೆಳೆಯುವ ಕತ್ತಾಳೆಯೂ ಅದೇ ಕುಲದ್ದು. ಅಮೆರಿಕ ಖಂಡದಿಂದಲೇ ಇಲ್ಲಿಗೆ ಬಂದದ್ದು. ಸ್ಕಾಟ್ಲೆಂಡಿನಿಂದಲೂ ಐರ್ಲೆಂಡಿನಿಂದಲೂ ಅಮೆರಿಕಕ್ಕೆ ವಲಸೆ ಹೋದವರಿಗೆ ಜವೆಗೋಧಿಯ ಭಟ್ಟಿ ತಿಳಿದಿತ್ತು. ಹೊಸ ನಾಡಿನಲ್ಲಿ ಮುಸುಕಿನ ಜೋಳ ಹುಲುಸಾಗಿ ಬೆಳೆಯಿತು. ಗುಡ್ಡಗಾಡಿನ ದಾರಿಯಲ್ಲಿ ಗಾಡಿಗಟ್ಟಲೆ ಜೋಳವನ್ನು ಸಂತೆಗೆ ಸಾಗಿಸಿದರೆ ಬಾಡಿಗೆಗೂ ಗಿಟ್ಟುತ್ತಿರಲಿಲ್ಲ. ಅದನ್ನೇ ವಿಸ್ಕಿಯಾಗಿ ಇಳಿಸಿದರೆ ಪೀಪಾಯಿಯೊಂದರಲ್ಲಿ ಅಡಗುತ್ತಿತ್ತು, ಕೆಡುತ್ತಲೂ ಇರಲಿಲ್ಲ. ಆದುದರಿಂದಲೇ 1791ರಲ್ಲಿ ಸರ್ಕಾರ ವಿಸ್ಕಿಗೆ ತೆರಿಗೆ ಹಾಕಿದಾಗ ಪೆನ್ಸಿಲ್ವೇನಿಯಾದ ಪಶ್ಚಿಮ ಭಾಗದ ರೈತರು ತಿರುಗಿಬಿದ್ದರು. 1794ರಲ್ಲಿ ಆ ದಂಗೆಯನ್ನು ಅಡಗಿಸಲು ಸೈನ್ಯವನ್ನೇ ಕಳುಹಿಸಬೇಕಾಯಿತು. ಕಳುಹಿಸಿದವನು ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್. ಅದೇ ವಾಷಿಂಗ್ಟನ್ 1797ರಲ್ಲಿ ತನ್ನ ಮೌಂಟ್ ವರ್ನನ್ ಜಹಗೀರಿನಲ್ಲಿ ಭಟ್ಟಿ ಹೂಡಿದ. 1799ರಲ್ಲಿ ಅಲ್ಲಿ ಸುಮಾರು 11,000 ಗ್ಯಾಲನ್ ವಿಸ್ಕಿ ಇಳಿಯಿತು. ಒಲೆಯ ಮುಂದೆ ನಿಂತು ಅದನ್ನು ಇಳಿಸಿದವರು ಅವನ ನೀಗ್ರೋ ಗುಲಾಮರು. ಈ ಮಾತನ್ನು ವಾಚಕರು ನೆನಪಿಡಬೇಕು. ಅಮೆರಿಕದ ವಿಸ್ಕಿಯ ಚರಿತ್ರೆಯಲ್ಲಿ ಒಡೆಯರ ಹೆಸರುಗಳೇ ಉಳಿದಿವೆ. ಬೆಂಕಿಯ ಮುಂದೆ ನಿಂತವರ ಹೆಸರುಗಳು ಬಹುಮಟ್ಟಿಗೆ ಅಳಿಸಿಹೋಗಿವೆ.

ಡ್ಯಾನ್ ಕಾಲನ ಭಟ್ಟಿಯಲ್ಲಿಯೂ ಹೀಗೆಯೇ ಇತ್ತು. ಅಲ್ಲಿ ವಿಸ್ಕಿ ಇಳಿಸುತ್ತಿದ್ದವರು ನಿಯರೆಸ್ಟ್ ಗ್ರೀನ್ ಎಂಬ ಗುಲಾಮರು. ಅವರ ಪೂರ್ಣ ಹೆಸರು ನೇಥನ್ ಎಂದು ಹೇಳುತ್ತಾರೆ. ಅವರು ಕಾಲನ ಸ್ವಂತ ಗುಲಾಮರೂ ಅಲ್ಲ. ಬೇರೆ ಒಡೆಯರು ಅವರನ್ನು ಬಾಡಿಗೆಗೆ ಕೊಟ್ಟಿದ್ದರು. ಅಂದರೆ ಅವರ ದುಡಿಮೆಯ ಕೂಲಿಯೂ ಅವರ ಕೈಗೆ ಬರುವಂತಿರಲಿಲ್ಲ. ಆದರೆ ಆ ಸೀಮೆಯಲ್ಲೆಲ್ಲ ವಿಸ್ಕಿ ಇಳಿಸುವುದರಲ್ಲಿ ಅವರಷ್ಟು ನುರಿತವರು ಇನ್ನೊಬ್ಬರಿಲ್ಲವೆಂದು ಕಾಲನೇ ಒಪ್ಪಿಕೊಂಡಿದ್ದನಂತೆ. ಮನೆಗೆಲಸಕ್ಕೆಂದು ಬಂದ ಜ್ಯಾಕ್ ಭಟ್ಟಿಯ ಹೊಗೆಯ ಕಡೆಗೇ ಮತ್ತೆ ಮತ್ತೆ ಸುಳಿಯುತ್ತಿದ್ದುದನ್ನು ಕಂಡು, ಕಾಲ್ ಅವನನ್ನು ಗ್ರೀನರ ಕೈಗೊಪ್ಪಿಸಿದ. ಒಬ್ಬ ಬಿಳಿಯ ಅನಾಥ ಬಾಲಕ, ಒಬ್ಬ ಕಪ್ಪು ಜನಾಂಗದ ಗುಲಾಮ ಗುರು: ಆ ದೇಶದಲ್ಲಿ, ಆ ಕಾಲದಲ್ಲಿ, ಇಂತಹ ಪಾಠಶಾಲೆ ಅಪರೂಪವಾದುದೇ ಸರಿ.

ಅಲ್ಲಿ ಕಲಿಸಿದ ಪಾಠವೇನು? ಮುಸುಕಿನ ಜೋಳವನ್ನು ನುಚ್ಚಾಗಿ ಒಡೆದು ನೀರಿನಲ್ಲಿ ಬೇಯಿಸಬೇಕು. ಅದು ತಕ್ಕಷ್ಟು ಆರಿದ ಮೇಲೆ ರೈ ಎಂಬ ಧಾನ್ಯವನ್ನೂ, ಮೊಳಕೆ ಬರಿಸಿ ಒಣಗಿಸಿದ ಜವೆಗೋಧಿಯನ್ನೂ ಬೆರೆಸಬೇಕು. ಮೊಳಕೆಯಲ್ಲಿರುವ ಸತ್ತ್ವ ಗಂಜಿಯ ಪಿಷ್ಟವನ್ನು ಸಕ್ಕರೆಯನ್ನಾಗಿ ಮಾಡುತ್ತದೆ. ಬಳಿಕ ಈಸ್ಟ್ ಹಾಕಿದರೆ ಆ ಸಕ್ಕರೆ ಹುದುಗಿ ಮದ್ಯಸಾರವಾಗುತ್ತದೆ. ನಿನ್ನೆಯ ಭಟ್ಟಿಯಲ್ಲಿ ಉಳಿದ ಹುಳಿ ತಿಳಿಯ ಒಂದು ಪಾಲನ್ನು ಇಂದಿನ ಗಂಜಿಗೆ ಕೂಡಿಸುವುದು ಇಲ್ಲಿಯ ಒಂದು ಗುಟ್ಟು. ಹುಳಿಯಿರುವಲ್ಲಿ ಬೇಡದ ಸೂಕ್ಷ್ಮಜೀವಿಗಳು ತಲೆಯೆತ್ತವು. ಇಂದಿನ ಪಾಕಕ್ಕೆ ನಿನ್ನೆಯ ಹದವೇ ಬರುತ್ತದೆ. ಕೆಂಟಕಿಯಲ್ಲಿ ಜೇಮ್ಸ್ ಕ್ರೋ ಎಂಬ ಸ್ಕಾಟ್ಲೆಂಡಿನ ರಸಾಯನಶಾಸ್ತ್ರಜ್ಞ ಉಷ್ಣಮಾಪಕ ಮುಂತಾದ ಸಲಕರಣೆಗಳನ್ನು ಹಿಡಿದು ಈ ಕ್ರಮವನ್ನು ಶಾಸ್ತ್ರಬದ್ಧಗೊಳಿಸಿದನೆಂದು ಖ್ಯಾತಿ ಇದೆ. ಆದರೆ ಅವನಿಗೂ ಮೊದಲೇ, 1818ರಲ್ಲಿ, ಅದೇ ಕೆಂಟಕಿಯ ಕ್ಯಾಥರೀನ್ ಕಾರ್ಪೆಂಟರ್ ಎಂಬ ಹೆಂಗಸು ಈ ವಿಧಾನವನ್ನು ಕೈಬರಹದಲ್ಲಿ ಬರೆದಿಟ್ಟಿದ್ದಳು.

ಹುದುಗಿದ ಗಂಜಿಯನ್ನು ತಾಮ್ರದ ಹಂಡೆಯಲ್ಲಿ ಕಾಯಿಸಬೇಕು. ನೀರು 100 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕುದಿದರೆ ಮದ್ಯಸಾರ ಸುಮಾರು 78ರಲ್ಲೇ ಕುದಿಯುತ್ತದೆ. ಆ ಆವಿಯು ತಣ್ಣೀರಿನಲ್ಲಿಟ್ಟ ಸುರುಳಿ ಕೊಳವೆಯ ಮೂಲಕ ಹಾದು ಹನಿಯಾಗಿ ಇಳಿಯುತ್ತದೆ. ಮೊದಲು ಇಳಿದದ್ದು ಕೆಟ್ಟದ್ದು, ಕಡೆಗೆ ಇಳಿದದ್ದು ರುಚಿಗೆಟ್ಟದ್ದು; ನಡುವಿನದೇ ಬೇಕಾದದ್ದು. ಎಲ್ಲಿ ಕತ್ತರಿಸಬೇಕೆಂಬುದನ್ನು ಮೂಗೂ ನಾಲಗೆಯೂ ಹೇಳಬೇಕು. ಇಷ್ಟರವರೆಗೆ ಕೆಂಟಕಿಯವರದೂ ಟೆನೆಸ್ಸೀಯವರದೂ ಒಂದೇ ದಾರಿ. ಮುಂದಿನ ಹೆಜ್ಜೆ ಮಾತ್ರ ಲಿಂಕನ್ ಕೌಂಟಿಯ ವಿಶೇಷ. ಸಕ್ಕರೆ ಮೇಪಲ್ ಮರದ ಸೌದೆಯನ್ನು ಸುಟ್ಟು, ನೀರೆರಚಿ ನಂದಿಸಿ, ಆ ಇದ್ದಿಲನ್ನು ಪುಡಿಮಾಡಿ ದೊಡ್ಡ ತೊಟ್ಟಿಯಲ್ಲಿ ಒತ್ತಾಗಿ ತುಂಬಬೇಕು. ಈಗಿನ ಕಾರ್ಖಾನೆಯಲ್ಲಿ ಆ ಪದರ ಸುಮಾರು 10 ಅಡಿ ದಪ್ಪ. ಇಳಿದ ವಿಸ್ಕಿಯನ್ನು ಅದರ ಮೂಲಕ ಹನಿಹನಿಯಾಗಿ ಜಿನುಗಲು ಬಿಟ್ಟರೆ ಅದರ ಒರಟುತನವೆಲ್ಲ ಇದ್ದಿಲಿಗೆ ಅಂಟಿಕೊಂಡು, ಮೃದುವಾದದ್ದು ಕೆಳಗೆ ಸೇರುತ್ತದೆ. ಬಳಿಕ ಅದನ್ನು ಬಿಳಿ ಓಕ್ ಮರದ, ಒಳಮೈ ಕರಕಲು ಮಾಡಿದ ಪೀಪಾಯಿಗಳಲ್ಲಿ ತುಂಬಿ ವರ್ಷಗಟ್ಟಲೆ ಇಡುತ್ತಾರೆ. ನೀರಿನಂತೆ ಬಣ್ಣವಿಲ್ಲದೆ ಒಳಗೆ ಹೋದದ್ದು ಕೆಂಗಂದು ಬಣ್ಣ ತಳೆದು ಹೊರಗೆ ಬರುತ್ತದೆ. ಇದ್ದಿಲಿನಲ್ಲಿ ಸೋಸುವ ಈ ಕಲೆಯಲ್ಲಿ ಗ್ರೀನರು ನಿಸ್ಸೀಮರಾಗಿದ್ದರು. ಜ್ಯಾಕ್ ಅದನ್ನು ಅವರಿಂದಲೇ ಕಲಿತ.

1865ರಲ್ಲಿ ಯುದ್ಧ ಮುಗಿಯಿತು. ಆ ವರ್ಷದ ಡಿಸೆಂಬರಿನಲ್ಲಿ ಸಂವಿಧಾನದ 13ನೆಯ ತಿದ್ದುಪಡಿ ಜಾರಿಗೆ ಬಂದು ಗುಲಾಮಗಿರಿ ಕೊನೆಗೊಂಡಿತು. ಗ್ರೀನರು ಸ್ವತಂತ್ರ ಪುರುಷರಾದರು. ಆದರೆ ಸ್ವಾತಂತ್ರ್ಯದ ಜತೆಗೆ ನೆಲ ಬರಲಿಲ್ಲ, ಬಂಡವಾಳ ಬರಲಿಲ್ಲ. ಬಿಡುಗಡೆಯಾದವರಿಗೆ ಭೂಮಿ ಹಂಚುವ ಏರ್ಪಾಟು ಕೆಲವೆಡೆ ಮೊದಲಾಗಿದ್ದರೂ ಅದೇ ವರ್ಷ ಅದನ್ನು ಹಿಂದಕ್ಕೆ ತೆಗೆದುಕೊಂಡರು. ಕೈಯಲ್ಲಿ ವಿದ್ಯೆ ಇದ್ದವರಿಗೆ ಹೂಡಲು ಒಲೆಯಿರಲಿಲ್ಲ. ಜ್ಯಾಕನಿಗಾದರೋ ತಂದೆಯ ಆಸ್ತಿಯಲ್ಲಿ ಪಾಲು ಬಂದಿತು. ಆತ ಕಾಲನೊಡನೆ ಕೂಡಿ ಭಟ್ಟಿಯನ್ನು ಕಾನೂನಿಗನುಸಾರವಾಗಿ ದಾಖಲು ಮಾಡಿಸಿದ. ಇದು 1866ರಲ್ಲಿ ನಡೆಯಿತೆಂದು ಕಂಪನಿಯವರು ಹೇಳಿಕೊಂಡು ಬಂದಿದ್ದಾರೆ; ದಾಖಲೆಗಳನ್ನು ಶೋಧಿಸಿದವರು 1875 ಎನ್ನುತ್ತಾರೆ. ಏನೇ ಇರಲಿ, ಜ್ಯಾಕ್ ಒಡೆಯನಾದಾಗ ತನ್ನ ಭಟ್ಟಿಯ ಮುಖ್ಯಸ್ಥರನ್ನಾಗಿ ಗ್ರೀನರನ್ನೇ ನೇಮಿಸಿಕೊಂಡ. ಆತ ತನ್ನ ಬಾಳಿನಲ್ಲಿ ಗುಲಾಮರನ್ನು ಕೊಂಡವನಲ್ಲ. ಗ್ರೀನರಿಗೆ ಸಂಬಳ ಬಂದಿತು. ಅವರ ಮಕ್ಕಳಾದ ಜಾರ್ಜ್, ಈಲೈ ಮುಂತಾದವರೂ ಮೊಮ್ಮಕ್ಕಳೂ ಅದೇ ಕೆಲಸಕ್ಕೆ ಬಂದರು.

1884ರಲ್ಲಿ ಜ್ಯಾಕ್ ಲಿಂಚ್‌ಬರ್ಗಿನ ಹತ್ತಿರ ಗುಹೆಯೊಂದರಿಂದ ಚಿಮ್ಮುವ ಒರತೆಯನ್ನೂ ಅದರ ಸುತ್ತಲಿನ ಕಣಿವೆಯನ್ನೂ 2,180 ಡಾಲರು 40 ಸೆಂಟಿಗೆ ಕೊಂಡುಕೊಂಡ. ಸುಣ್ಣಕಲ್ಲಿನ ಮೂಲಕ ಸೋಸಿ ಬರುವ ಆ ನೀರಿನಲ್ಲಿ ಕಬ್ಬಿಣದ ಅಂಶವಿಲ್ಲ. ಬೇಸಗೆಯಲ್ಲೂ ಚಳಿಗಾಲದಲ್ಲೂ ಅದರ ಶೈತ್ಯ ಸುಮಾರು 13 ಡಿಗ್ರಿಯೇ. ಕಬ್ಬಿಣ ಬೆರೆತರೆ ವಿಸ್ಕಿಯ ಬಣ್ಣವೂ ರುಚಿಯೂ ಕೆಡುವುದರಿಂದ ಆ ಒರತೆಯೇ ಅವನ ನಿಜವಾದ ಬಂಡವಾಳವಾಯಿತು. ವ್ಯಾಪಾರ ಬೆಳೆಯಿತು. ಆತ ಕುಳ್ಳ, ಎತ್ತರ 5 ಅಡಿ 2 ಅಂಗುಲದಷ್ಟು. ಆದರೆ ಮೊಣಕಾಲಿನವರೆಗಿನ ಕೋಟು, ಅಗಲ ಅಂಚಿನ ಟೋಪಿ, ಒಪ್ಪವಾಗಿ ಕತ್ತರಿಸಿದ ಗಡ್ಡಮೀಸೆಗಳಿಂದ ಊರಿನಲ್ಲಿ ಎದ್ದುಕಾಣುವ ವ್ಯಕ್ತಿಯಾದ. ಮದುವೆಯಾಗಲಿಲ್ಲ. 1892ರಲ್ಲಿ ಊರಿನವರನ್ನು ಸೇರಿಸಿ ವಾದ್ಯಮೇಳವೊಂದನ್ನು ಕಟ್ಟಿದ. 1895ರ ಸುಮಾರಿಗೆ ತನ್ನ ಸರಕನ್ನು ದುಂಡು ಶೀಸೆಯ ಬದಲು ಚೌಕ ಶೀಸೆಯಲ್ಲಿ ತುಂಬಿಸತೊಡಗಿದ. ಕಲಬೆರಕೆ ವಿಸ್ಕಿ ಎಲ್ಲೆಡೆ ಹರಿದಾಡುತ್ತಿದ್ದ ಕಾಲ ಅದು. ಅದನ್ನು ತಡೆಯಲೆಂದೇ ಅಮೆರಿಕ ಸರ್ಕಾರ 1897ರಲ್ಲಿ ಕಾಯಿದೆ ಮಾಡಿ, ಸರ್ಕಾರದ ಕಣ್ಗಾವಲಿನ ಉಗ್ರಾಣದಲ್ಲಿ ನಾಲ್ಕು ವರ್ಷ ಇಟ್ಟ ವಿಸ್ಕಿಗೆ ಮುದ್ರೆ ಒತ್ತಿಕೊಡುವ ಏರ್ಪಾಟು ತಂದಿತು. 1904ರಲ್ಲಿ ಸೇಂಟ್ ಲೂಯಿಸ್ ನಗರದ ವಿಶ್ವ ಪ್ರದರ್ಶನದಲ್ಲಿ ಜ್ಯಾಕನ ವಿಸ್ಕಿಗೆ ಚಿನ್ನದ ಪದಕ ದೊರೆಯಿತು. ಮೂಲೆಯ ಹಳ್ಳಿಯ ಹೆಸರು ಲೋಕಕ್ಕೆಲ್ಲ ತಿಳಿಯಿತು.

ಆ ಕಾಲದ ಭಾವಚಿತ್ರವೊಂದಿದೆ. ಕಾರ್ಖಾನೆಯ ಆಳುಗಳ ನಡುವೆ ಜ್ಯಾಕ್ ಟೋಪಿ ಧರಿಸಿ ಕುಳಿತಿದ್ದಾನೆ. ಅವನ ಮಗ್ಗುಲಲ್ಲಿ, ಚಿತ್ರದ ನಡುಮಧ್ಯದಲ್ಲಿ, ಕಪ್ಪು ಜನಾಂಗದವರೊಬ್ಬರು ಕುಳಿತಿದ್ದಾರೆ. ಅವರು ನಿಯರೆಸ್ಟ್ ಗ್ರೀನರ ಮಗ ಜಾರ್ಜ್ ಇರಬೇಕೆಂದು ನಂಬಿಕೆ. ಬಿಳಿಯರೂ ಕರಿಯರೂ ಒಂದೇ ಗಾಡಿಯಲ್ಲಿ ಕೂರಬಾರದೆಂದು ದಕ್ಷಿಣದ ರಾಜ್ಯಗಳು ಕಾನೂನು ಮಾಡಿದ್ದ ದಿನಗಳವು. ಅಂತಹ ದಿನಗಳಲ್ಲಿ ಒಡೆಯನು ಅವರನ್ನು ಹಿಂದಿನ ಸಾಲಿಗೆ ನೂಕದೆ ತನ್ನ ಪಕ್ಕದಲ್ಲಿ ಕೂರಿಸಿಕೊಂಡನೆಂಬುದು ಜ್ಯಾಕನ ಪರವಾಗಿ ಹೇಳಬೇಕಾದ ಮಾತು. ಅದನ್ನು ಹೇಳದಿದ್ದರೆ ಅನ್ಯಾಯವಾದೀತು.

ಆರೋಗ್ಯ ಕೆಡುತ್ತ ಬಂದುದರಿಂದ ಜ್ಯಾಕ್ 1907ರಲ್ಲಿ ಭಟ್ಟಿಯನ್ನು ಸೋದರ ಸಂಬಂಧದ ಇಬ್ಬರು ಹುಡುಗರಿಗೆ ವಹಿಸಿಕೊಟ್ಟ. ಅವರಲ್ಲಿ ಸೋದರಳಿಯ ಲೆಮ್ ಮಾಟ್ಲೊ ಇನ್ನೊಬ್ಬನ ಪಾಲನ್ನೂ ಕೊಂಡು ತಾನೊಬ್ಬನೇ ಒಡೆಯನಾದ. 1911ರ ಅಕ್ಟೋಬರ್ ತಿಂಗಳಿನಲ್ಲಿ ಜ್ಯಾಕ್ ರಕ್ತ ನಂಜೇರಿ ತೀರಿಕೊಂಡ. ಒಂದು ಬೆಳಿಗ್ಗೆ ಕಬ್ಬಿಣದ ಪೆಟ್ಟಿಗೆಯ ಬೀಗದ ಗುಟ್ಟು ನೆನಪಾಗದೆ ಸಿಟ್ಟಿನಿಂದ ಒದ್ದು, ಕಾಲ್ಬೆರಳಿಗೆ ಪೆಟ್ಟಾಗಿ, ಅದೇ ಮುಂದೆ ನಂಜಾಯಿತೆಂದು ಜನ ಹೇಳುತ್ತಾರೆ. ಅವನ ಚರಿತ್ರೆಯನ್ನು ಶೋಧಿಸಿ ಬರೆದವರು ಈ ಕತೆಯನ್ನು ಒಪ್ಪುವುದಿಲ್ಲ.

ಅವನು ಸಾಯುವ ಮೊದಲೇ ಟೆನೆಸ್ಸೀಯಲ್ಲಿ ಪಾನನಿರೋಧದ ಕಾನೂನು ಬಂದಿತ್ತು. 1910ರಿಂದ ಅಲ್ಲಿ ಮದ್ಯ ತಯಾರಿಸುವಂತಿರಲಿಲ್ಲ. 1920ರಲ್ಲಿ ದೇಶಕ್ಕೆಲ್ಲ ನಿಷೇಧ ಹಬ್ಬಿ, 1933ರಲ್ಲಿ ರದ್ದಾಯಿತು. ಲಿಂಚ್‌ಬರ್ಗಿನ ಒಲೆ ಮತ್ತೆ ಹೊತ್ತಿಕೊಂಡದ್ದು 1938ರಲ್ಲಿ. ವಿಚಿತ್ರವೆಂದರೆ, ಆ ಬಳಿಕವೂ ಮೂರ್ ಕೌಂಟಿ ಹಲವು ದಶಕಗಳ ಕಾಲ ಪಾನನಿಷೇಧದ ಜಿಲ್ಲೆಯಾಗಿಯೇ ಉಳಿಯಿತು. ಲೋಕಕ್ಕೆಲ್ಲ ವಿಸ್ಕಿ ಕಳುಹಿಸಿದ ಊರಿನಲ್ಲಿ ಅದನ್ನು ಮಾರುವ ಅಂಗಡಿಯಿರಲಿಲ್ಲ. 1956ರಲ್ಲಿ ಮಾಟ್ಲೊ ಮನೆಯವರು ಕಾರ್ಖಾನೆಯನ್ನು ಬ್ರೌನ್ ಫಾರ್ಮನ್ ಕಂಪನಿಗೆ ಮಾರಿದರು.

ಗ್ರೀನರ ಹೆಸರು ಏನಾಯಿತು? 1967ರಲ್ಲಿ ಅಚ್ಚಾದ ಜ್ಯಾಕನ ಜೀವನ ಚರಿತ್ರೆಯೊಂದರಲ್ಲಿ ಗ್ರೀನರ ಮತ್ತು ಅವರ ಮಕ್ಕಳ ಪ್ರಸ್ತಾಪ ಅನೇಕ ಕಡೆ ಬಂದಿತ್ತು. ಲಿಂಚ್‌ಬರ್ಗಿನ ಮನೆಗಳಲ್ಲಿ ಅಜ್ಜ ಅಜ್ಜಿಯರು ಆ ಕತೆಯನ್ನು ಹೇಳುತ್ತಲೇ ಇದ್ದರು. ಆದರೆ ಕಾರ್ಖಾನೆ ನೋಡಲು ಬಂದವರಿಗೆ ಹೇಳುವ ಕತೆಯಲ್ಲಿ ಉಪದೇಶಕ ಕಾಲನೇ ಜ್ಯಾಕನ ಗುರುವಾಗಿದ್ದ. 2016ರಲ್ಲಿ, ಕಂಪನಿಯ 150ನೆಯ ವರ್ಷದ ಆಚರಣೆಯ ಕಾಲಕ್ಕೆ, ಈ ವಿಷಯ ಪತ್ರಿಕೆಯಲ್ಲಿ ಪ್ರಕಟವಾಗಿ ದೇಶಕ್ಕೆಲ್ಲ ತಿಳಿಯಿತು. ಅದನ್ನೋದಿದ ಫಾನ್ ವೀವರ್ ಎಂಬ ಲೇಖಕಿ ಲಿಂಚ್‌ಬರ್ಗಿಗೆ ಹೋಗಿ, ಹಳೆಯ ಕಡತಗಳನ್ನು ತಿರುವಿಹಾಕಿ, ಗ್ರೀನರ ವಂಶದವರನ್ನು ಕಂಡು ಸಂಗತಿಗಳನ್ನು ಕಲೆಹಾಕಿದರು. 2017ರಲ್ಲಿ ಕಂಪನಿಯು ನಿಯರೆಸ್ಟ್ ಗ್ರೀನರೇ ತನ್ನ ಮೊದಲನೆಯ ಭಟ್ಟಿ ಮುಖ್ಯಸ್ಥರೆಂದು ಒಪ್ಪಿಕೊಂಡಿತು. ಅದೇ ವರ್ಷ ಅವರ ಹೆಸರಿನಲ್ಲಿಯೇ ಒಂದು ವಿಸ್ಕಿ ಹೊರಬಂದಿತು. ಒಂದೂವರೆ ಶತಮಾನ ಕಳೆದ ಮೇಲೆ ಶಿಷ್ಯನ ಪಕ್ಕದಲ್ಲಿ ಗುರುವಿನ ಹೆಸರೂ ಶೀಸೆಯ ಮೇಲೆ ಬಂದಿತು.

ಇಲ್ಲಿಗೆ ಚರಿತ್ರೆ ಮುಗಿಯಿತು. ನನಗೆ ಇದರಲ್ಲಿ ಏಕಿಷ್ಟು ಆಸಕ್ತಿಯೆಂಬುದನ್ನು ಹೇಳಿ ಲೇಖನವನ್ನು ಮುಗಿಸುತ್ತೇನೆ. ನಮ್ಮ ತಂದೆಯವರು ಬೇರೆಯವರ ಆಲೆಮನೆಯಲ್ಲಿ ಪಾಕ ನೋಡುವವರು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಸುಣ್ಣ ಎಷ್ಟು ಹಾಕಬೇಕು, ಕಲ್ಮಷವನ್ನು ಯಾವಾಗ ತೆಗೆಯಬೇಕು, ಉರಿಯನ್ನು ಎಲ್ಲಿ ತಗ್ಗಿಸಬೇಕು ಎಂಬುದು ಅವರಿಗೆ ಗುಳ್ಳೆಗಳ ಸದ್ದಿನಿಂದಲೇ ತಿಳಿಯುತ್ತದೆ. ಒಂದು ತೊಟ್ಟು ಪಾಕವನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡಿ, ಇಳಿಸಿ ಎನ್ನುತ್ತಾರೆ. ಒಂದು ಗಳಿಗೆ ತಪ್ಪಿದರೆ ಕೊಪ್ಪರಿಗೆಯಿಡೀ ಹಾಳು. ಆದರೆ ಅವರಿಗೆ ಓದು ಬರಹ ಬಾರದು. ಸಂತೆಯಲ್ಲಿ ಆ ಬೆಲ್ಲ ಒಡೆಯರ ಹೆಸರಿನಿಂದ ಹೆಸರುವಾಸಿ. ಒಡೆಯರು ಒಳ್ಳೆಯವರೇ, ಕೂಲಿಯನ್ನು ತಡೆಹಿಡಿದವರಲ್ಲ, ನನ್ನ ಕಾಲೇಜಿನ ಶುಲ್ಕಕ್ಕೂ ಒಮ್ಮೆ ನೆರವಾದವರು. ಆದರೂ ಅವರ ಮನೆಯ ಚಿಕ್ಕ ಹುಡುಗನು ನಮ್ಮ ತಂದೆಯವರನ್ನು ಏಕವಚನದಲ್ಲಿಯೇ ಕರೆಯುತ್ತಾನೆ. ಅದನ್ನು ತಪ್ಪೆಂದು ತಂದೆಯವರೂ ಭಾವಿಸಿದವರಲ್ಲ.

ಅಮೆರಿಕದ ದಕ್ಷಿಣದಲ್ಲಿಯೂ ಬಿಳಿಯರು ವಯಸ್ಸಾದ ಕರಿಯರನ್ನು ಮರ್ಯಾದೆಯ ಪದದಿಂದ ಕರೆಯುತ್ತಿರಲಿಲ್ಲವಂತೆ. ಅವರಿಗೆ ಸಂದದ್ದು ಮಾವ ಎಂಬ ಸಲಿಗೆಯ ಮಾತು ಮಾತ್ರ. ನಿಯರೆಸ್ಟ್ ಗ್ರೀನರನ್ನೂ ನಿಯರೆಸ್ಟ್ ಮಾವ ಎಂದೇ ಊರು ಕರೆಯಿತು. ಆದುದರಿಂದ ಈ ಲೇಖನದಲ್ಲಿ ಲೋಕಪ್ರಸಿದ್ಧನಾದ ಶಿಷ್ಯನನ್ನು ಏಕವಚನದಲ್ಲಿಯೂ ಗುರುಗಳನ್ನು ಬಹುವಚನದಲ್ಲಿಯೂ ಕರೆದಿದ್ದೇನೆ. ಅಚ್ಚಿನ ತಪ್ಪೆಂದು ಯಾರೂ ತಿದ್ದಬಾರದೆಂದು ಸಂಪಾದಕರಲ್ಲಿ ಪ್ರಾರ್ಥನೆ.

ನಾವು ಇಲ್ಲಿ ಮೂರು ವರ್ಷ ಓದಿ ಪದವೀಧರರಾಗಿ ಹೊರಡುತ್ತೇವೆ. ನಮ್ಮ ಹೆಸರಿನ ಮುಂದೆ ಎರಡು ಅಕ್ಷರ ಸೇರುತ್ತದೆ. ಆ ಅಕ್ಷರಗಳ ಹಿಂದೆ ಯಾರ ಯಾರ ಬೆವರೂ ಬುದ್ಧಿಯೂ ಇದೆಯೆಂಬುದನ್ನು ಬರೆದಿಡಲು ಬಲ್ಲವರು ಇನ್ನು ನಾವೇ. ನಮ್ಮ ಮನೆಯಲ್ಲಿ ಪೆನ್ನು ಹಿಡಿದವರಲ್ಲಿ ನಾನು ಮೊದಲನೆಯವನು. ಬರುವ ಸುಗ್ಗಿಯಲ್ಲಿ ಆಲೆಮನೆಯ ಒಲೆಯ ಮುಂದೆ ಕುಳಿತು, ತಂದೆಯವರು ಪಾಕದ ಹದದ ಬಗ್ಗೆ ಹೇಳುವುದನ್ನೆಲ್ಲ ಒಂದು ನೋಟುಬುಕ್ಕಿನಲ್ಲಿ ಬರೆದುಕೊಳ್ಳಬೇಕೆಂದಿದ್ದೇನೆ. ಅದರ ಮೊದಲ ಪುಟದಲ್ಲಿ ಅವರ ಹೆಸರಿರುತ್ತದೆ.